ಕಡಲಿನಾಳದಲ್ಲಿ ಮುಖಗವಸು ಮತ್ತು ತಲೆಗವಸು

ಉಸಿರಾಟದ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ನೀರಿನೊಳಗೆ ಇಳಿಯುವ ಸ್ಕೂಬಾ ಕ್ರೀಡೆಯು ನಮ್ಮ ದೇಶದಲ್ಲಿ ಈಗ ಅಪರೂಪದ್ದಾಗಿ ಉಳಿದಿಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವವರು ಮಾಲ್ವಣ, ತಾರ್ಕರ್ಲಿಗಳಿಗೂ ಗೋವೆಗೂ ಹೋಗಿ ಕಡಲಿಗೆ ಇಳಿಯುತ್ತಾರೆ. ತವರಿನತ್ತ ಬಂದವರು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪವನ್ನು ಹುಡುಕಿಕೊಂಡು ಹೋಗುತ್ತಾರೆ. ಹೀಗೆ ಮೊದಲ ಬಾರಿಗೆ ಇಳಿದವರು ನಾಲ್ಕಾರು ಮೀಟರ್ ಆಳದಲ್ಲಿಯೇ ಗಾಬರಿಗೊಂಡು ಮೇಲೇರಲು ಕಾರಣ ಎಷ್ಟೋ ವೇಳೆ ಸಮುದ್ರದ ಪ್ರಾಣಿಗಳ ಭಯವಲ್ಲ. ಮುಖಗವಸಿನೊಳಗೆ ಸೇರಿದ ಒಂದಿಷ್ಟು ನೀರು, ಇಲ್ಲವೇ ಕಿವಿಯಲ್ಲಿ ಕಾಣಿಸಿಕೊಂಡ ನೋವು. ಮಾಸ್ಕ್ ಎಂದು ಕರೆಯುವ ಈ ಮುಖಗವಸನ್ನು ಬಿಗಿದಷ್ಟೂ ಒಳ್ಳೆಯದು ಎಂಬ ನಂಬಿಕೆಯು ವ್ಯಾಪಕವಾಗಿದೆ. ತೊಂದರೆಯ ಬಹುಪಾಲು ಈ ನಂಬಿಕೆಯಿಂದಲೇ ಹುಟ್ಟುತ್ತದೆ.

ಗಾಜಿನ ಹಿಂದಿನ ಗಾಳಿ

ನಮ್ಮ ಕಣ್ಣು ಗಾಳಿಯಲ್ಲಿ ನೋಡಲೆಂದು ರೂಪುಗೊಂಡ ಅಂಗ. ಕಣ್ಣಿಗೆ ನೀರು ನೇರವಾಗಿ ತಾಗಿದಾಗ ಬೆಳಕು ಸರಿಯಾಗಿ ಬಾಗದೆ ಎಲ್ಲವೂ ಮಸುಕಾಗುತ್ತದೆ. ಕಣ್ಣಿನ ಮುಂದೆ ಒಂದು ಪದರ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದೇ ಮುಖಗವಸಿನ ಕೆಲಸ. ಇದರ ಮೂಲಕ ನೋಡಿದಾಗ ವಸ್ತುಗಳು ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ದಡಕ್ಕೆ ಬಂದು ಮೀನಿನ ಗಾತ್ರವನ್ನು ವರ್ಣಿಸುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಆದರೆ ಹಿಡಿದಿಟ್ಟ ಗಾಳಿಗೆ ಒಂದು ಸ್ವಭಾವವಿದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡವು ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಎರಡರಷ್ಟಾಗಿ, ಗಾಳಿಯ ಗಾತ್ರವು ಅರ್ಧಕ್ಕೆ ಇಳಿಯುತ್ತದೆ. ಮುಖಗವಸಿನೊಳಗಿನ ಗಾಳಿಯು ಹೀಗೆ ಕುಗ್ಗಿದಾಗ ಆ ಜಾಗವು ಮುಖದ ಚರ್ಮವನ್ನೂ ಕಣ್ಣನ್ನೂ ತನ್ನತ್ತ ಹೀರಲಾರಂಭಿಸುತ್ತದೆ. ಇಳಿಯುತ್ತಿರುವವನು ಇದನ್ನು ಅಲಕ್ಷಿಸಿದರೆ ಸೂಕ್ಷ್ಮ ರಕ್ತನಾಳಗಳು ಒಡೆದು ಕಣ್ಣಿನ ಬಿಳಿಭಾಗವು ಕೆಂಪಡರುತ್ತದೆ, ಕೆನ್ನೆ ಕಪ್ಪಿಡುತ್ತದೆ. ನೋಡುವವರಿಗೆ ಭಯ ಹುಟ್ಟಿಸಿದರೂ ಇದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ನೋವು ಇದ್ದರೆ ಅಥವಾ ದೃಷ್ಟಿಯಲ್ಲಿ ವ್ಯತ್ಯಾಸ ಕಂಡರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು.

ಪರಿಹಾರವು ಅತ್ಯಂತ ಸರಳ. ಇಳಿಯುವಾಗ ಆಗಾಗ ಮೂಗಿನಿಂದ ಸ್ವಲ್ಪ ಉಸಿರನ್ನು ಮುಖಗವಸಿನೊಳಕ್ಕೆ ಬಿಡಬೇಕು. ಈಜುಕೊಳದಲ್ಲಿ ಬಳಸುವ, ಕಣ್ಣನ್ನು ಮಾತ್ರ ಮುಚ್ಚುವ ಕನ್ನಡಕಗಳಲ್ಲಿ ಇದು ಸಾಧ್ಯವಿಲ್ಲವಾದ್ದರಿಂದ ಅವನ್ನು ಧರಿಸಿ ಆಳಕ್ಕೆ ಇಳಿಯಕೂಡದು.

ಮೂಗನ್ನು ಮುಚ್ಚುವ ಭಾಗವು ಮೃದುವಾಗಿರುವುದಕ್ಕೂ ಕಾರಣವಿದೆ. ಅದರ ಹೊರಗಿನಿಂದಲೇ ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದಾಗ ಗಂಟಲಿನಿಂದ ಮಧ್ಯಕಿವಿಗೆ ಹೋಗುವ ನಾಳವು ತೆರೆದು ಕಿವಿಯ ತಮಟೆಯ ಎರಡೂ ಬದಿಯ ಒತ್ತಡವು ಸಮವಾಗುತ್ತದೆ. ನೋವು ಬರುವವರೆಗೆ ಕಾಯದೆ, ಅರ್ಧ ಮೀಟರಿಗೋ ಒಂದು ಮೀಟರಿಗೋ ಒಮ್ಮೆ ಹೀಗೆ ಮಾಡುತ್ತ ಇಳಿಯಬೇಕು. ಕಿವಿ ಬಿಡದಿದ್ದರೆ ಬಲವಂತ ಬೇಡ. ತುಸು ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೆಗಡಿಯಾದಾಗ ಈ ನಾಳವು ಊದಿಕೊಂಡಿರುತ್ತದೆ. ಮುಂಗಡ ಹಣ ಕಟ್ಟಿದ್ದೇವೆಂಬ ಕಾರಣಕ್ಕೆ ನೆಗಡಿಯಲ್ಲಿಯೇ ಇಳಿದು ತಮಟೆಯನ್ನು ಹರಿದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಮುಖಕ್ಕೆ ಒಪ್ಪುವಂಥದ್ದು

ಮುಖಗವಸನ್ನು ಆರಿಸುವಾಗ ಅದರ ಪಟ್ಟಿಯನ್ನು ತಲೆಗೆ ಹಾಕದೆ ಮುಖಕ್ಕೆ ಒತ್ತಿ ಹಿಡಿದು, ಮೂಗಿನಿಂದ ಹಗುರವಾಗಿ ಉಸಿರೆಳೆದು ಕೈಬಿಡಬೇಕು. ಅದು ಬೀಳದೆ ಅಂಟಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ ಎಂದರ್ಥ. ನೀರನ್ನು ತಡೆಯುವುದು ಸಿಲಿಕೋನಿನ ಮೆತ್ತನೆಯ ಅಂಚೇ ಹೊರತು ಹಿಂದಿನ ಪಟ್ಟಿಯಲ್ಲ. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಆ ಅಂಚು ಮಡಿಚಿಕೊಂಡು, ತಡೆಯಬೇಕಾದ ನೀರಿಗೆ ತಾನೇ ದಾರಿ ಮಾಡಿಕೊಡುತ್ತದೆ, ಹಣೆನೋವು ಬೇರೆ. ಪಟ್ಟಿಯು ಕಿವಿಗಳಿಗಿಂತ ಮೇಲೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕುಳಿತರೆ ಸಾಕು.

ಅಂಚು ಮತ್ತು ಚರ್ಮದ ನಡುವೆ ಏನೂ ಇರಬಾರದು. ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ನಮ್ಮ ಸ್ತ್ರೀಯರು ಹಣೆಗೆ ಅಂಟಿಸುವ ಬೊಟ್ಟನ್ನು ತೆಗೆದಿರಿಸುವುದು ಲೇಸು. ಮೂಗುತಿಯು ಅಂಚಿಗೆ ಸಿಕ್ಕಿಕೊಳ್ಳಬಹುದು, ಮೂಗು ಹಿಡಿದು ಊದುವಾಗ ಚುಚ್ಚಲೂಬಹುದು. ಉದ್ದ ಜಡೆಯನ್ನು ಪಟ್ಟಿ ಕೂರುವ ಜಾಗದಲ್ಲಿ ತುರುಬಾಗಿ ಕಟ್ಟದೆ ಕುತ್ತಿಗೆಯ ಬಳಿ ಇಳಿಬಿಡಬೇಕು. ಮೀಸೆಯುಳ್ಳವರಿಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಮೂಗಿನ ಬುಡದಲ್ಲಿ ಒಂದು ಸಣ್ಣ ಗೆರೆಯಷ್ಟು ಮೀಸೆಯನ್ನು ಕತ್ತರಿಸಿಕೊಂಡರೆ ಅದು ಕಡಿಮೆಯಾಗುತ್ತದೆ. ದೃಷ್ಟಿದೋಷವುಳ್ಳವರು ಸಾಮಾನ್ಯ ಕನ್ನಡಕದ ಮೇಲೆ ಇದನ್ನು ಧರಿಸಲಾಗದು. ಕನ್ನಡಕದ ಕಡ್ಡಿಗಳು ಅಂಚನ್ನು ಎತ್ತಿಬಿಡುತ್ತವೆ. ಅಂಥವರಿಗಾಗಿ ತಕ್ಕ ಮಸೂರ ಕೂರಿಸಿದ ಮುಖಗವಸುಗಳು ದೊರೆಯುತ್ತವೆ.

ಇಷ್ಟೆಲ್ಲ ಮಾಡಿದರೂ ನೀರು ಬಂದರೆ ಹೆದರಬೇಕಾಗಿಲ್ಲ. ಚೌಕಟ್ಟಿನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ಗಾಳಿಯು ನೀರನ್ನು ಕೆಳಗಿನಿಂದ ಹೊರದಬ್ಬುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ಇದನ್ನು ಹಲವು ಬಾರಿ ಅಭ್ಯಾಸ ಮಾಡದೆ ಆಳಕ್ಕೆ ಹೋಗಬಾರದು. ಈ ಒಂದು ವಿದ್ಯೆಯನ್ನು ಕಲಿಸದೆ ಕೈಹಿಡಿದು ಇಳಿಸುವವರ ಅವಸರಕ್ಕೆ ಮಣಿಯಬೇಡಿ.

ತಣ್ಣೀರಿನ ತಲೆಗವಸು

ನಮ್ಮ ಬೆಚ್ಚನೆಯ ಕಡಲುಗಳಲ್ಲಿ ಹುಡ್ ಎಂಬ ದಪ್ಪ ತಲೆಗವಸು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಪ್ರವಾಸಕ್ಕೆಂದು ಐಸ್‌ಲ್ಯಾಂಡಿಗೆ ಹೋಗಿ, ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುವ ಸಿಲ್‌ಫ್ರಾ ಬಿರುಕಿನ ನೀರಿಗೆ ಇಳಿಯುವವರಿಗೆ ಇದು ಅನಿವಾರ್ಯ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ದೇಹದ ಶಾಖದ ಅರ್ಧಭಾಗ ತಲೆಯಿಂದಲೇ ಹೋಗುತ್ತದೆಂದು ಹಳೆಯ ಕೈಪಿಡಿಗಳು ಹೇಳುತ್ತಿದ್ದವು. ಅದು ಸರಿಯಲ್ಲ, ತಲೆಯು ತನ್ನ ವಿಸ್ತೀರ್ಣಕ್ಕೆ ತಕ್ಕಷ್ಟನ್ನೇ ಸುಮಾರಾಗಿ ಕಳೆಯುತ್ತದೆ. ಆದರೂ ಬರಿಯ ತಲೆಗೆ ತಣ್ಣೀರು ತಾಗಿದರೆ ಹಣೆ ಸಿಡಿಯುವಂತೆ ನೋಯುತ್ತದೆ. ಒಂದು ಕಿವಿಗೆ ಅದು ಹಠಾತ್ತನೆ ನುಗ್ಗಿದರೆ ತಲೆಸುತ್ತು ಬಂದು ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯದಾಗುತ್ತದೆ.

ತಲೆಗವಸಿನ ನಿಯೋಪ್ರೀನ್ ಎಂಬ ರಬ್ಬರಿನಲ್ಲಿ ಅಸಂಖ್ಯ ಸಣ್ಣ ಅನಿಲಗುಳ್ಳೆಗಳಿದ್ದು, ಶಾಖವನ್ನು ತಡೆಯುವುದು ಅವೇ. ಮೈ ಒದ್ದೆಯಾದರೂ ಬೆಚ್ಚಗಿರಬಹುದೆಂಬ ಈ ತತ್ತ್ವವನ್ನು ಉಡುಪಿಗೆ ಅಳವಡಿಸಿದವರು ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಕಾಲ 1950ರ ದಶಕದ ಆರಂಭ. ಆಳಕ್ಕೆ ಹೋದಂತೆ ಆ ಗುಳ್ಳೆಗಳೂ ಕುಗ್ಗಿ ರಬ್ಬರು ತೆಳುವಾಗುತ್ತದೆ. ಆದ್ದರಿಂದ ತಲೆಗವಸಿನ ಮೇಲೆ ಹಾಕಿದ ಮುಖಗವಸಿನ ಪಟ್ಟಿಯು ಕೆಳಗೆ ಹೋದಾಗ ಸಡಿಲವೆನಿಸಬಹುದು. ಅಲ್ಲಿ ತುಸು ಎಳೆದುಕೊಳ್ಳಬಹುದು. ದೋಣಿಯಲ್ಲಿಯೇ ಅದಕ್ಕೆಂದು ಬಿಗಿದುಕೊಳ್ಳುವುದು ತಪ್ಪು.

ಧರಿಸುವ ಕ್ರಮ ಹೀಗಿದೆ: ತಲೆಗವಸಿನ ಒಳಭಾಗವನ್ನು ಒದ್ದೆ ಮಾಡಿ, ಮುಖದ ಬಳಿಯ ಅಂಚನ್ನು ಹೊರಕ್ಕೆ ಮಡಿಚಿ, ತಲೆಯ ಮೇಲಿನಿಂದ ಗಲ್ಲದವರೆಗೆ ಎಳೆದು, ಕೂದಲನ್ನು ಬೆರಳಿನಿಂದ ಒಳಸೇರಿಸಬೇಕು. ಮುಖಗವಸನ್ನು ಹಾಕಿದ ಮೇಲೆ ಮಡಿಚಿದ ಅಂಚನ್ನು ಬಿಡಿಸಿ ಅದರ ಸಿಲಿಕೋನ್ ಅಂಚಿನ ಮೇಲೆ ಹೊದಿಸಬೇಕು. ಇದು ತಲೆಕೆಳಗಾಗಿ, ರಬ್ಬರಿನ ಮೇಲೆ ಸಿಲಿಕೋನ್ ಕುಳಿತರೆ, ಎಷ್ಟೇ ಬಿಗಿದರೂ ನೀರು ಬರುತ್ತದೆ.

ಇನ್ನೆರಡು ಸಂಗತಿಗಳು ಗಂಭೀರವಾದವು. ಬಿಗಿಯಾದ ತಲೆಗವಸು ಹೊರಕಿವಿಯ ದ್ವಾರವನ್ನು ಬಿರಡೆಯಂತೆ ಮುಚ್ಚಿದರೆ ಒಳಗೆ ಸಿಕ್ಕಿದ ಗಾಳಿಯನ್ನು ಊದಿ ಸಮಗೊಳಿಸಲು ಯಾವ ಮಾರ್ಗವೂ ಇಲ್ಲ. ತಮಟೆಯು ಹೊರಕ್ಕೆ ಸೆಳೆಯಲ್ಪಟ್ಟು ಗಾಯಗೊಳ್ಳುತ್ತದೆ, ಊದಿದಷ್ಟೂ ನೋವು ಹೆಚ್ಚುತ್ತದೆ. ಇಳಿಯುವ ಮೊದಲೇ ಎರಡೂ ಕಿವಿಗಳ ಬಳಿ ತಲೆಗವಸನ್ನು ಎಳೆದು ನೀರು ಬಿಟ್ಟುಕೊಂಡರೆ ಈ ಅಪಾಯ ತಪ್ಪುತ್ತದೆ. ಆ ನೀರು ಸ್ವಲ್ಪ ಹೊತ್ತಿನಲ್ಲಿ ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಎರಡನೆಯದು ಕುತ್ತಿಗೆ. ಅಲ್ಲಿಯ ರಕ್ತನಾಳಗಳ ಮೇಲೆ ಒತ್ತಡ ಬಿದ್ದರೆ ಹೃದಯದ ಬಡಿತವು ನಿಧಾನಗೊಂಡು ಎಚ್ಚರ ತಪ್ಪಬಹುದು. ಬೆರಳು ಸಲೀಸಾಗಿ ತೂರದಷ್ಟು ಬಿಗಿಯಾದ ತಲೆಗವಸನ್ನು ನಿರಾಕರಿಸಿ ಬೇರೆಯದನ್ನು ಕೇಳಿರಿ.

ನೀರಿನೊಳಗೆ ಕಿವಿ ನೋಯತೊಡಗಿದರೆ ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಅತ್ತಿತ್ತ ಓಲಾಡಿಸಿ, ಬಳಿಕ ಕಿವಿಯನ್ನು ತೋರಿಸಬೇಕು. ತೊಂದರೆಯಿದೆ ಎಂಬುದಕ್ಕೆ ಅದೇ ಸಂಜ್ಞೆ. ಎಲ್ಲವೂ ಸರಿಯಿದ್ದರೆ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ವೃತ್ತ ಮಾಡಿ ತೋರಿಸಬೇಕು. ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ಜೊತೆಗಾರನು ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತಾನೆ. ಏಕೆಂದರೆ ಮುಳುಗುಗಾರರ ಭಾಷೆಯಲ್ಲಿ ಅದರ ಅರ್ಥ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೇರೋಣ’ ಎಂದು.