ಸುಗ್ಗಿಯ ಹಣ ಹನ್ನೆರಡು ತಿಂಗಳಿಗೆ: ಯುವ ರೈತರಿಗೆ ಹಣಕಾಸಿನ ಪಾಠ

ತಿಂಗಳ ಸಂಬಳ ಪಡೆಯುವ ನೌಕರನಿಗೆ ಹಣ ತಿಂಗಳಿಗೊಮ್ಮೆ ಬರುತ್ತದೆ. ಅವನ ಖರ್ಚೂ ತಿಂಗಳ ಲೆಕ್ಕದಲ್ಲಿಯೇ ನಡೆಯುತ್ತದೆ. ರೈತನ ಸ್ಥಿತಿ ಹಾಗಲ್ಲ. ಖರ್ಚು ದಿನವೂ ಉಂಟು. ಬೆಳೆಯ ಆದಾಯ ಮಾತ್ರ ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಬರುತ್ತದೆ. ಫಸಲು ಮಾರಿದ ವಾರ ಕೈತುಂಬ ಹಣ, ಮುಂಗಾರು ಬಿತ್ತನೆಯ ಹೊತ್ತಿಗೆ ಬರಿಗೈ. ಎಷ್ಟೋ ಮನೆಗಳಲ್ಲಿ ಸಾಲ ಹುಟ್ಟುವುದು ಬೆಳೆ ಕೆಟ್ಟದ್ದರಿಂದ ಮಾತ್ರವಲ್ಲ, ಬಂದ ಹಣವನ್ನು ಮುಂದಿನ ತಿಂಗಳುಗಳಿಗೆ ಹಂಚಿಡದೆ ಇದ್ದುದರಿಂದಲೂ ಉಂಟು.

ಪಿ.ಯು.ಸಿ. ಅಥವಾ ಪದವಿ ಮುಗಿಸಿ ಊರಿಗೆ ಮರಳಿ ಬೇಸಾಯಕ್ಕೆ ಕೈಹಾಕುವ ಯುವಕ ಯುವತಿಯರು ತಳಿ, ಗೊಬ್ಬರ, ಔಷಧಗಳ ವಿಷಯವನ್ನು ಬೇಗ ಕಲಿತುಕೊಳ್ಳುತ್ತಾರೆ. ಹಣದ ವಿಷಯ ಮಾತ್ರ ತಂದೆಯ ತಲೆಯಲ್ಲಿಯೇ ಉಳಿದಿರುತ್ತದೆ. ಸಾಲವೆಷ್ಟು, ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಮಕ್ಕಳಿಗೆ ತಿಳಿಯುವುದು ನೋಟೀಸು ಬಂದಾಗ. ಈ ಸ್ಥಿತಿ ತಪ್ಪಬೇಕಾದರೆ ಬೇಸಾಯ ಆರಂಭಿಸುವ ಮೊದಲ ವರ್ಷದಲ್ಲಿಯೇ ಕೆಲವು ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು ಅಗತ್ಯ.

ಮೊದಲು ಮನೆಯ ಸ್ಥಿತಿ ತಿಳಿಯಬೇಕು

ಒಂದು ಹಾಳೆಯ ಎಡಭಾಗದಲ್ಲಿ ಮನೆಗೆ ಇರುವುದನ್ನೂ ಬಲಭಾಗದಲ್ಲಿ ಮನೆಯವರು ಕೊಡಬೇಕಾದುದನ್ನೂ ಬರೆಯಬೇಕು. ಎಡಕ್ಕೆ ಜಮೀನು, ದನಕರು, ಪಂಪ್‌ಸೆಟ್ಟು, ಕೂಡಿಟ್ಟ ದವಸ, ಬ್ಯಾಂಕಿನಲ್ಲಿರುವ ಹಣ. ಬಲಕ್ಕೆ ಸಹಕಾರ ಸಂಘದ ಸಾಲ, ಬ್ಯಾಂಕಿನ ಸಾಲ, ಅಡವಿಟ್ಟ ಒಡವೆ, ಗೊಬ್ಬರದ ಅಂಗಡಿಯ ಬಾಕಿ, ಮಂಡಿಯವರಿಂದ ಪಡೆದ ಮುಂಗಡ, ನೆಂಟರ ಕೈಸಾಲ. ಪ್ರತಿ ಸಾಲದ ಮುಂದೆ ಬಡ್ಡಿಯ ದರವನ್ನೂ ತೀರಿಸಬೇಕಾದ ದಿನಾಂಕವನ್ನೂ ನಮೂದಿಸಬೇಕು. ಜಮೀನಿನ ಮೇಲಿನ ಸಾಲ ಪಹಣಿಯ ಋಣಗಳ ಕಾಲಂನಲ್ಲಿ ದಾಖಲಾಗಿರುತ್ತದೆ. ಅದನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಈ ಕೆಲಸಕ್ಕೆ ತಾಳ್ಮೆ ಬೇಕು. ಓದಿ ಬಂದ ಮಗ ಲೆಕ್ಕ ಕೇಳಿದರೆ, ತನ್ನ ತಪ್ಪು ಹುಡುಕುತ್ತಿದ್ದಾನೆಂದು ತಂದೆಗೆ ಅನಿಸುವುದು ಸಹಜ. "ಅಪ್ಪಾ, ಸಂಘದ ಸಾಲ ಯಾಕೆ ಉಳಿಯಿತು?" ಎನ್ನುವ ಬದಲು "ಅಪ್ಪಾ, ಈ ಸಲ ಸಂಘಕ್ಕೆ ನಾನೇ ಹೋಗಿ ಕಟ್ಟಿ ಬರುತ್ತೇನೆ, ಎಷ್ಟಾಗುತ್ತದೆ ಹೇಳಿ" ಎಂದರೆ ಮಾತು ಸುಲಭವಾಗಿ ಮುಂದುವರಿಯುತ್ತದೆ. ತಾಯಿಯನ್ನೂ ಕೂರಿಸಿಕೊಂಡು ಕೇಳಬೇಕು. ಅಡವಿಟ್ಟ ಒಡವೆಯ ಲೆಕ್ಕ, ಸ್ತ್ರೀಶಕ್ತಿ ಗುಂಪಿನ ಕಂತು, ಚೀಟಿಯ ಹಣ ಇವು ಹೆಚ್ಚಾಗಿ ಅವರಿಗೇ ಗೊತ್ತಿರುತ್ತವೆ.

ಎರಡು ಪುಸ್ತಕ, ಎರಡು ಲೆಕ್ಕ

ಬೇಸಾಯದ ಹಣವೂ ಮನೆಯ ಹಣವೂ ಒಂದೇ ಜೇಬಿನಲ್ಲಿದ್ದರೆ ಯಾವುದು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಎರಡು ನೋಟ್‌ಪುಸ್ತಕಗಳನ್ನು ಇಡಬೇಕು. ಒಂದರಲ್ಲಿ ಬೀಜ, ಗೊಬ್ಬರ, ಉಳುಮೆ, ಕೂಲಿ, ಹಿಂಡಿ, ಬೂಸಾ ಮತ್ತು ಮಾರಾಟದ ಹಣ. ಇನ್ನೊಂದರಲ್ಲಿ ಮನೆಸಾಮಾನು, ಬಟ್ಟೆ, ಶಾಲೆಯ ಶುಲ್ಕ, ಆಸ್ಪತ್ರೆ, ಮದುವೆ ಮುಂಜಿಯ ಮುಯ್ಯಿ. ಸಾಧ್ಯವಾದರೆ ಬ್ಯಾಂಕಿನ ಖಾತೆಗಳೂ ಎರಡಿರಲಿ. ಪ್ರತಿ ರಾತ್ರಿ ಐದು ನಿಮಿಷ ಕುಳಿತು ಆ ದಿನದ್ದನ್ನು ಬರೆದರೆ ಸಾಕು. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತುಹೋಗುತ್ತದೆ.

ಒಂದು ಮಾದರಿ ಲೆಕ್ಕ

ಐದು ಎಕರೆ ಖುಷ್ಕಿ ಜಮೀನು, ಎರಡು ಮಿಶ್ರತಳಿ ಹಸು ಇರುವ ಒಂದು ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಮನೆಯ ಅಂಕಿಗಳನ್ನು ಹಾಕಿಕೊಳ್ಳಬೇಕು. ಊಟಕ್ಕೆ ಉಳಿಸಿಕೊಂಡ ರಾಗಿಯನ್ನು ಇಲ್ಲಿ ಹಿಡಿದಿಲ್ಲ.

ವರ್ಷದ ಆದಾಯ:
ನೆಲಗಡಲೆ ಮಾರಾಟ: ರೂ. 70,000
ರಾಗಿ ಮಾರಾಟ: ರೂ. 80,000
ಕರು, ಗೊಬ್ಬರ ಮಾರಾಟ: ರೂ. 6,000
ಹಾಲು (ತಿಂಗಳಿಗೆ ರೂ. 12,000): ರೂ. 1,44,000
ಒಟ್ಟು: ರೂ. 3,00,000

ವರ್ಷದ ಬೇಸಾಯದ ಖರ್ಚು:
ಬೀಜ, ಗೊಬ್ಬರ, ಉಳುಮೆ, ಕೂಲಿ: ರೂ. 75,000
ಹಿಂಡಿ, ಬೂಸಾ, ದನಗಳ ಔಷಧ (ತಿಂಗಳಿಗೆ ರೂ. 6,500): ರೂ. 78,000
ಒಟ್ಟು: ರೂ. 1,53,000

ಉಳಿಯುವುದು ರೂ. 1,47,000. ಮೂರು ಲಕ್ಷ ಆದಾಯದ ಮನೆ ಎಂದು ಕಂಡರೂ ಕೈಗೆ ಹತ್ತುವುದು ಅದರ ಅರ್ಧಕ್ಕಿಂತ ಕಡಿಮೆ. ಇದು ಮೊದಲ ಪಾಠ.

ಈ ಮನೆಯ ಸಂಸಾರದ ಖರ್ಚು ತಿಂಗಳಿಗೆ ರೂ. 10,000 ಎಂದು ಹಿಡಿಯೋಣ. ಹಾಲಿನ ಹಣದಲ್ಲಿ ಹಿಂಡಿ, ಬೂಸಾ ಕಳೆದು ತಿಂಗಳಿಗೆ ಉಳಿಯುವುದು ರೂ. 5,500. ಅಂದರೆ ಪ್ರತಿ ತಿಂಗಳೂ ರೂ. 4,500 ಕೊರತೆ, ವರ್ಷಕ್ಕೆ ರೂ. 54,000. ಇದನ್ನು ಸುಗ್ಗಿಯ ಹಣದಿಂದಲೇ ತುಂಬಬೇಕು.

ಈಗ ಸುಗ್ಗಿಯ ಹಣವನ್ನು ನೋಡೋಣ. ನೆಲಗಡಲೆ, ರಾಗಿ, ಕರು ಮತ್ತು ಗೊಬ್ಬರ ಸೇರಿ ರೂ. 1,56,000. ಅದರಲ್ಲಿ ಮುಂದಿನ ಮುಂಗಾರಿನ ಬೇಸಾಯಕ್ಕೆ ರೂ. 75,000, ಬೆಳೆಸಾಲ ತಂದು ಬೇಸಾಯ ಮಾಡಿದ್ದರೆ ಅದೇ ಹಣ ಸಾಲ ತೀರಿಸಲು ಬೇಕು. ಮನೆಯ ಕೊರತೆ ತುಂಬಲು ರೂ. 54,000. ಉಳಿದದ್ದು ರೂ. 27,000. ಇದರಲ್ಲಿ ಆಪತ್ತಿನ ನಿಧಿಗೆ ರೂ. 12,000, ಮುದಿ ಹಸುವಿನ ಬದಲಿಗೆ ಹೊಸ ಹಸು ಕೊಳ್ಳಲು ಮತ್ತು ಸಲಕರಣೆಗಳ ರಿಪೇರಿಗೆ ರೂ. 9,000, ತಂಗಿಯ ಕಾಲೇಜಿನ ಶುಲ್ಕದಂತಹ ದೊಡ್ಡ ಖರ್ಚಿಗೆ ರೂ. 6,000.

ರಾಗಿ ಮಾರಿ ರೂ. 80,000 ಎಣಿಸಿಕೊಂಡ ದಿನ ಯುವಕನಿಗೆ ತನ್ನ ಕೈಯಲ್ಲಿ ಎಂಬತ್ತು ಸಾವಿರ ಇದೆ ಎನಿಸುತ್ತದೆ. ಲೆಕ್ಕ ಬರೆದು ನೋಡಿದರೆ ಅದರಲ್ಲಿ ಒಂದು ರೂಪಾಯಿಯೂ ಬಿಡುವಾಗಿಲ್ಲ. ಪ್ರತಿ ರೂಪಾಯಿಗೂ ಮುಂದಿನ ಯಾವುದೋ ತಿಂಗಳಿನಲ್ಲಿ ಕೆಲಸ ಕಾದಿದೆ. ಈ ಒಂದು ಸಂಗತಿ ಮನದಟ್ಟಾದರೆ ಹಣಕಾಸಿನ ಮುಕ್ಕಾಲು ಪಾಠ ಕಲಿತಂತೆ.

ಹಂಚಿಡುವ ಬಗೆ

ಫಸಲಿನ ಹಣ ಖಾತೆಗೆ ಬಂದ ವಾರದಲ್ಲಿಯೇ ಅದನ್ನು ಮೂರು ಭಾಗ ಮಾಡಬೇಕು.

1. ಬೇಸಾಯದ ಭಾಗ. ಸಾಲವಿದ್ದರೆ ಮೊದಲು ಅದನ್ನು ಕಟ್ಟಬೇಕು. ಸಾಲವಿಲ್ಲದಿದ್ದರೆ ಬಿತ್ತನೆಯ ಕಾಲಕ್ಕೆ, ಅಂದರೆ ಮೇ ತಿಂಗಳ ಕೊನೆಗೆ ಕೈಗೆ ಬರುವಂತೆ ಅವಧಿ ಠೇವಣಿ ಇಡಬೇಕು. ಕೈಗೆ ಸುಲಭವಾಗಿ ಸಿಗದ ಹಣ ಉಳಿಯುತ್ತದೆ.

2. ಮನೆಯ ಭಾಗ. ಪ್ರತಿ ತಿಂಗಳ ಒಂದನೆಯ ತಾರೀಖು ರೂ. 4,500 ಮಾತ್ರ ಮನೆಯ ಖಾತೆಗೆ ವರ್ಗಾಯಿಸಬೇಕು. ಇದೇ ರೈತನು ತನಗೆ ತಾನೇ ಕೊಟ್ಟುಕೊಳ್ಳುವ ಸಂಬಳ. ತಿಂಗಳ ಮಧ್ಯೆ ಮುಗಿದರೆ ಮುಂದಿನ ತಿಂಗಳ ಹಣಕ್ಕೆ ಕೈ ಹಾಕದೆ ಖರ್ಚನ್ನೇ ತಗ್ಗಿಸಬೇಕು.

3. ಕಾಯ್ದಿರಿಸಿದ ಭಾಗ. ಆಪತ್ತಿನ ಹಣ ಬೇಕಾದಾಗ ತೆಗೆಯುವಂತೆ ಉಳಿತಾಯ ಖಾತೆಯಲ್ಲಿರಲಿ. ಸಣ್ಣ ಉಳಿತಾಯಕ್ಕೆ ಅಂಚೆ ಕಚೇರಿಯ ಆವರ್ತ ಠೇವಣಿಯೂ ಒಂದು ದಾರಿ. ಹಾಲಿನ ಹಣದಲ್ಲಿಯೇ ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ 2020ರಿಂದ ಇದೆ. ನೋಂದಣಿ ಇಲ್ಲದ ಚೀಟಿಗೆ ಇಂತಹ ಯಾವ ರಕ್ಷಣೆಯೂ ಇಲ್ಲ.

ಬಡ್ಡಿಯ ಲೆಕ್ಕ

ಸಾಲವೇ ಕೆಟ್ಟದ್ದಲ್ಲ. ಸಕಾಲಕ್ಕೆ ಬೀಜ ಗೊಬ್ಬರ ಒದಗಿಸುವ ಸಾಲ ಬೆಳೆಯನ್ನು ಹೆಚ್ಚಿಸುತ್ತದೆ. ರೈತರನ್ನು ಲೇವಾದೇವಿಯ ಹಿಡಿತದಿಂದ ಬಿಡಿಸಲೆಂದೇ ಸಿದ್ದನಗೌಡ ಪಾಟೀಲರು 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದರು. ಇಂದು ಸಾಲ ದೊರೆಯುವ ಜಾಗಗಳು ಹಲವು. ಬಡ್ಡಿಯನ್ನು ಒಂದೇ ಅಳತೆಯಲ್ಲಿ, ಅಂದರೆ ವರ್ಷಕ್ಕೆ ನೂರಕ್ಕೆ ಎಷ್ಟೆಂದು ಹೋಲಿಸಿ ನೋಡುವುದನ್ನು ಯುವಕರು ಕಲಿಯಬೇಕು.

ಹಳ್ಳಿಯಲ್ಲಿ "ಮೂರು ರೂಪಾಯಿ ಬಡ್ಡಿ" ಎಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ 3 ಲಕ್ಷ ರೂಪಾಯಿಯವರೆಗೆ ವರ್ಷಕ್ಕೆ ಶೇಕಡಾ 7. ಗಡುವಿನೊಳಗೆ ಕಟ್ಟಿದರೆ ಶೇಕಡಾ 3 ರಿಯಾಯಿತಿ ದೊರೆತು 4 ಮಾತ್ರ ಬೀಳುತ್ತದೆ. ರೂ. 75,000 ಸಾಲಕ್ಕೆ ಹತ್ತು ತಿಂಗಳ ಬಡ್ಡಿ ಹೀಗಾಗುತ್ತದೆ:

ಕೈಸಾಲ, ಮೂರು ರೂಪಾಯಿ ಬಡ್ಡಿ: ರೂ. 22,500
ಬ್ಯಾಂಕಿನ ಬೆಳೆಸಾಲ, ಶೇಕಡಾ 7: ರೂ. 4,375
ಬ್ಯಾಂಕಿನ ಬೆಳೆಸಾಲ, ಗಡುವಿನೊಳಗೆ ಕಟ್ಟಿದರೆ: ರೂ. 2,500

ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಬಡ್ಡಿರಹಿತ ಅಲ್ಪಾವಧಿ ಸಾಲವೂ ಇದೆ. ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಆದರೆ ಈ ರಿಯಾಯಿತಿಗಳೆಲ್ಲ ಗಡುವಿಗೆ ಕಟ್ಟಿಬಿದ್ದಿವೆ. ಗಡುವು ಮೀರಿದರೆ ರಿಯಾಯಿತಿ ತಪ್ಪುತ್ತದೆ. ಮುಂದಿನ ವರ್ಷದ ಸಾಲವೂ ನಿಲ್ಲಬಹುದು. ಆದ್ದರಿಂದ ಗಡುವಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದಿಡಬೇಕು.

ಇಲ್ಲೊಂದು ರೂಢಿಯ ತಪ್ಪನ್ನು ಹೇಳಲೇಬೇಕು. ಗಡುವು ಹತ್ತಿರವಾದಾಗ ಹತ್ತು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ, ಹೊಸ ಸಾಲ ಬಂದೊಡನೆ ಅದನ್ನು ತೀರಿಸುವ ಅಭ್ಯಾಸ ಕೆಲವರಲ್ಲಿದೆ. ಹತ್ತು ದಿನಕ್ಕೆ ತಂದರೂ ಪೂರ್ತಿ ತಿಂಗಳ ಬಡ್ಡಿಯನ್ನು, ಅದೂ ನೂರಕ್ಕೆ ಐದರಂತೆ ಕೊಡಬೇಕಾದರೆ, ರೂ. 75,000ಕ್ಕೆ ರೂ. 3,750 ಆಗುತ್ತದೆ. ಅದೇ ಮೊತ್ತಕ್ಕೆ ಬ್ಯಾಂಕಿನಲ್ಲಿ ಇಡೀ ವರ್ಷದ ಬಡ್ಡಿ ಶೇಕಡಾ 4ರಂತೆ ರೂ. 3,000. ವರ್ಷದ ಬಡ್ಡಿಗಿಂತ ಹತ್ತು ದಿನದ ಬಡ್ಡಿ ಹೆಚ್ಚಾಯಿತು! ರಾಗಿ ಮಾರಿದ ದಿನವೇ ಸಾಲದ ಹಣವನ್ನು ತೆಗೆದಿಟ್ಟಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಮೋಟಾರ್ ಸೈಕಲ್ಲಿನ ಪ್ರಶ್ನೆ

ಯುವಕರ ಮೊದಲ ದೊಡ್ಡ ಖರೀದಿ ಸಾಮಾನ್ಯವಾಗಿ ಮೋಟಾರ್ ಸೈಕಲ್. ಬೇಡವೆಂದು ಹೇಳುವುದು ಸುಲಭ. ಲೆಕ್ಕ ಹಾಕಿ ನೋಡುವುದು ಲೇಸು. ಗಾಡಿಯ ಬೆಲೆ ರೂ. 90,000, ಕೈಯಿಂದ ರೂ. 20,000, ಉಳಿದ ರೂ. 70,000ಕ್ಕೆ "ಫ್ಲಾಟ್ 12" ದರದಲ್ಲಿ ಮೂರು ವರ್ಷದ ಸಾಲ ಎಂದಿಟ್ಟುಕೊಳ್ಳೋಣ. ಬಡ್ಡಿ ರೂ. 25,200, ತಿಂಗಳ ಕಂತು ಸುಮಾರು ರೂ. 2,644. ಕಂತು ಕಟ್ಟುತ್ತಾ ಹೋದಂತೆ ಅಸಲು ಇಳಿಯುತ್ತದೆ. ಆದರೆ ಫ್ಲಾಟ್ ದರದಲ್ಲಿ ಕೊನೆಯವರೆಗೂ ಮೊದಲಿನ ಪೂರ್ತಿ ಅಸಲಿಗೇ ಬಡ್ಡಿ ಹಾಕುತ್ತಾರೆ. ಆದ್ದರಿಂದ ಇಳಿಯುವ ಅಸಲಿನ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು ಶೇಕಡಾ 21 ಆಗುತ್ತದೆ.

ಮೇಲಿನ ಮಾದರಿ ಕುಟುಂಬ ವರ್ಷಕ್ಕೆ ಕಾಯ್ದಿರಿಸುವುದು ರೂ. 27,000, ತಿಂಗಳಿಗೆ ರೂ. 2,250. ಕಂತೊಂದೇ ಅದನ್ನು ಮೀರುತ್ತದೆ, ಪೆಟ್ರೋಲು ಬೇರೆ. ಆಪತ್ತಿನ ನಿಧಿ, ಹಸುವಿನ ಹಣ, ತಂಗಿಯ ಶುಲ್ಕ ಮೂರನ್ನೂ ಗಾಡಿ ನುಂಗುತ್ತದೆ. ಆ ಮೂರು ವರ್ಷಗಳಲ್ಲಿ ಒಂದು ಸಲ ಮಳೆ ಕೈಕೊಟ್ಟರೆ ತಾಯಿಯ ಒಡವೆ ಅಡವಿಗೆ ಹೋಗುತ್ತದೆ. ಹಾಲು, ತರಕಾರಿ ಸಾಗಿಸಿ ಗಾಡಿ ತನ್ನ ಕಂತನ್ನು ತಾನೇ ದುಡಿಯುವಂತಿದ್ದರೆ ಕೊಳ್ಳಬಹುದು. ಇಲ್ಲವಾದರೆ ಎರಡು ವರ್ಷ ಕಾದು, ಹೆಚ್ಚಿನ ಮೊತ್ತ ಕೂಡಿಸಿ, ಹಳೆಯ ಗಾಡಿ ಕೊಳ್ಳುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆಪತ್ತಿಗೆ ರಕ್ಷಣೆ

ಮನೆಯ ದುಡಿಯುವ ಕೈಗೆ ವಿಮೆ ಇರಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ರೂ. 20 ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ. ಜೀವನ ಜ್ಯೋತಿ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ರೂ. 436 ಕಟ್ಟಿದರೆ ಯಾವ ಕಾರಣದ ಸಾವಿಗೂ 2 ಲಕ್ಷ. ಎರಡಕ್ಕೂ ಬ್ಯಾಂಕಿನಲ್ಲಿಯೇ ಅರ್ಜಿ ಕೊಡಬಹುದು. ಕಂತು ಕಡಿತವಾಗುವ ಮೇ ತಿಂಗಳ ಕೊನೆಯಲ್ಲಿ ಖಾತೆ ಬರಿದಾಗಿರದಂತೆ ನೋಡಿಕೊಳ್ಳಬೇಕು.

2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತನ ಪಾಲು ವಿಮಾ ಮೊತ್ತದ ಶೇಕಡಾ 2ರವರೆಗೆ ಮಾತ್ರ. ವಿಮೆಗೆ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಬೇರೆಯಾದರೆ ಪರಿಹಾರಕ್ಕೆ ತೊಡಕಾಗುತ್ತದೆ.

ಮೊಬೈಲಿನಲ್ಲಿ ಹಣ

ಮೊಬೈಲಿನಲ್ಲಿ ಹಣ ಕೊಟ್ಟರೆ ಕೈಯಿಂದ ಹೋದದ್ದು ಅರಿವಿಗೆ ಬರುವುದಿಲ್ಲ. ಆದ್ದರಿಂದ ಅದನ್ನೂ ರಾತ್ರಿ ಪುಸ್ತಕಕ್ಕೆ ಇಳಿಸಬೇಕು. ಹಣ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ. ಒತ್ತಿರೆಂದು ಕೇಳುವವನು ಮೋಸಗಾರ. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಳಿಗೆ ಹೋಗದಿರುವುದೇ ಕ್ಷೇಮ. ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ಸಾಲಗಾರನಿಗೆ ಮೊದಲೇ ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಹಾಗೆ ತಿಳಿಸದವರಿಂದ ಸಾಲ ಪಡೆಯಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಉಪನ್ಯಾಸವಾಗಿ ಹೇಳಿದರೆ ಹೆಚ್ಚು ಪ್ರಯೋಜನವಾಗದು. ಹತ್ತು ಹದಿನೈದು ಯುವಕರನ್ನು ಸೇರಿಸಿ, ಮೇಲಿನ ಮಾದರಿಯನ್ನು ಹಲಗೆಯ ಮೇಲೆ ಬರೆದು, ಪ್ರತಿಯೊಬ್ಬರೂ ತಮ್ಮ ಮನೆಯ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿಯೇ ತುಂಬುವಂತೆ ಮಾಡಬೇಕು. ಒಬ್ಬರ ಮನೆಯ ಸಾಲವನ್ನು ಎಲ್ಲರ ಮುಂದೆ ಓದಿಸಬಾರದು. ಫಸಲು ಮಾರುವ ತಿಂಗಳಿಗೆ ಮೊದಲೇ ಇಂತಹ ತರಬೇತಿ ನಡೆದರೆ ಉತ್ತಮ. ಹಣ ಖರ್ಚಾದ ಮೇಲೆ ಹೇಳಿ ಫಲವಿಲ್ಲ.

ನೆನಪಿಡಬೇಕಾದ ಅಂಶಗಳು

1. ಮನೆಯ ಸಾಲ, ಬಡ್ಡಿ, ಗಡುವುಗಳ ಪಟ್ಟಿ ಬರೆದಿಡಿ.
2. ಬೇಸಾಯಕ್ಕೂ ಸಂಸಾರಕ್ಕೂ ಬೇರೆ ಬೇರೆ ಲೆಕ್ಕ ಇಡಿ.
3. ಫಸಲಿನ ಹಣ ಬಂದ ವಾರದಲ್ಲಿಯೇ ಮೂರು ಭಾಗ ಮಾಡಿ.
4. ಬೆಳೆಸಾಲವನ್ನು ಬೆಳೆಗೇ ಬಳಸಿ, ಗಡುವಿನೊಳಗೆ ತೀರಿಸಿ.
5. ಯಾವ ಸಾಲವಾದರೂ ವರ್ಷದ ಬಡ್ಡಿ ಎಷ್ಟೆಂದು ಕೇಳಿಯೇ ಪಡೆಯಿರಿ.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಮಾತಿದೆ. ದುಡಿದು ಉಣ್ಣುವವನಿಗೂ, ಲೆಕ್ಕವಿಲ್ಲದಿದ್ದರೆ, ಅದು ಸಾಲದು. ಈ ಸುಗ್ಗಿಯಿಂದಲೇ ಒಂದು ಪುಸ್ತಕ ತೆರೆದು ಬರೆಯತೊಡಗಿದ ಯುವಕನಿಗೆ ಮುಂದಿನ ಮುಂಗಾರಿನಲ್ಲಿ ಬೀಜ ಗೊಬ್ಬರಕ್ಕಾಗಿ ಬೇರೆಯವರ ಬಾಗಿಲು ತಟ್ಟುವ ಪ್ರಸಂಗ ಬರಲಾರದು.