ಮುಟ್ಟಿನ ದಿನ ಕೊಳಕ್ಕಿಳಿಯುವ ಹುಡುಗಿಯರಿಗೆ

1. ಈಜು ಕಲಿಸುವವಳಾಗಿ ನಾನು ಮೊದಲು ನೋಡುವುದು ಹಾಜರಿ ಪುಸ್ತಕವನ್ನು. ತಿಂಗಳಿಗೆ ಐದು ದಿನ ತಪ್ಪಿದರೆ ವರ್ಷಕ್ಕೆ ಅರವತ್ತು ದಿನ ಹೋಯಿತು. ‘ಹೊಟ್ಟೆನೋವು ಮ್ಯಾಮ್’ ಅಂತಷ್ಟೇ ಹೇಳಿ ದಂಡೆಯಲ್ಲಿ ಕೂರುವವರೇ ಹೆಚ್ಚು. ಅದಕ್ಕೇ ಬ್ಯಾಚ್ ಶುರುವಾದ ದಿನವೇ ಅಮ್ಮಂದಿರ ಎದುರಿಗೇ ಮುಟ್ಟಿನ ಮಾತೆತ್ತುತ್ತೇನೆ. ಇಳಿಯುವುದು, ಬಿಡುವುದು ಹುಡುಗಿಯ ಇಷ್ಟ. ಹೆದರಿಕೊಂಡು ಬಿಡುವುದು ಮಾತ್ರ ಬೇಡ.

2. ಪ್ಯಾಡ್ ಹಾಕಿಕೊಂಡು ನೀರಿಗಿಳಿಯಬೇಡಿ. ಅದು ಕೊಳದ ನೀರನ್ನೇ ಹೀರಿ ಊದಿಕೊಳ್ಳುತ್ತದೆ. ‘ನೀರಲ್ಲಿ ಮುಟ್ಟು ನಿಂತುಬಿಡುತ್ತೆ’ ಅನ್ನುವುದನ್ನೂ ನಂಬಬೇಡಿ. ನೀರಿನ ಒತ್ತಡಕ್ಕೆ ಹೊರಬರುವುದು ಕಡಿಮೆಯಾದೀತು, ಅಷ್ಟೆ. ಕೆಮ್ಮಿದರೆ, ಮೆಟ್ಟಿಲು ಹತ್ತಿದರೆ ಮತ್ತೆ ಶುರು. ಗಾಢ ಬಣ್ಣದ ಟವೆಲ್ ದಂಡೆಯಲ್ಲೇ ಇರಲಿ.

3. ಈಜುವವರಿಗೆ ನಾನು ಹೇಳುವುದು ಮುಟ್ಟಿನ ಕಪ್. ಒಂದು ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 80 ಮಿ.ಲೀ.; ಕಪ್ ಒಂದೇ ಸಲಕ್ಕೆ 20–30 ಮಿ.ಲೀ. ಹಿಡಿಯುತ್ತದೆ. ಈ ಲೆಕ್ಕ ಕೇಳಿದರೇ ಅರ್ಧ ಭಯ ಇಳಿಯುತ್ತದೆ. ಮೊದಲ ಪ್ರಯತ್ನ ಕೊಳದ ಬಾತ್‌ರೂಮಿನಲ್ಲಿ ಬೇಡ. ರಜೆಯ ದಿನ ಮನೆಯಲ್ಲಿ, ಅವಸರವಿಲ್ಲದೆ. ಕಪ್ಪನ್ನು ನೀರಲ್ಲಿ ಕುದಿಸಿ, ಕೈ ತೊಳೆದು, ಕುಕ್ಕರುಗಾಲಲ್ಲಿ ಕೂತು, ಮಡಚಿ ಯೋನಿಯ ಒಳಗಿಡಿ. ಬೆರಳಿಂದ ಬುಡದ ಸುತ್ತ ಸವರಿ ನೋಡಿ. ಮಡಿಕೆ ತಾಗಿದರೆ ಪೂರ್ತಿ ಬಿಚ್ಚಿಕೊಂಡಿಲ್ಲ, ಸೋರುತ್ತದೆ. ತೆಗೆಯುವಾಗ ಬಾಲ ಹಿಡಿದು ಎಳೆಯಬೇಡಿ, ಬುಡವನ್ನು ಹಿಸುಕಿ ಗಾಳಿ ಬಿಡಿಸಿ. ‘ಮದುವೆಯಾಗದ ಹುಡುಗಿ ಇದನ್ನು ಹಾಕಬಹುದಾ?’ ಎಂದು ಅಮ್ಮಂದಿರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಾಕಬಹುದು. ಮುಟ್ಟಿನ ನೈರ್ಮಲ್ಯದ ‘ಶುಚಿ’ ಯೋಜನೆಯಡಿ ನಮ್ಮ ಕರ್ನಾಟಕ ಸರ್ಕಾರವೇ ದಕ್ಷಿಣ ಕನ್ನಡ, ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಕಪ್ ಹಂಚಿದೆ. ಟ್ಯಾಂಪನ್ನೂ ಆಗುತ್ತದೆ, ಎಂಟು ಗಂಟೆ ಮೀರಬಾರದು. ಎರಡೂ ಬೇಡವೆನಿಸಿದರೆ, ಸ್ರಾವ ಕಡಿಮೆಯಿರುವ ದಿನಕ್ಕೆ ಪೀರಿಯಡ್ ಸ್ವಿಮ್‌ಸೂಟ್ ಸಾಕು.

4. ಗರ್ಭಕೋಶವನ್ನು ಹಿಂಡಿ ನೋವು ತರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಮೊದಲೆರಡು ದಿನ ಜಾಸ್ತಿ. ಆ ದಿನಗಳಲ್ಲಿ ಸ್ಪ್ರಿಂಟ್ ಬಿಡಿಸಿ, ಕಿಕ್‌ಬೋರ್ಡ್ ಕೊಟ್ಟು ನಿಧಾನಕ್ಕೆ ಕಾಲು ಬಡಿಸುತ್ತೇನೆ. ಆಮೇಲೆ ಅಂಗಾತ ಈಜು. ಬಹಳ ಹುಡುಗಿಯರಿಗೆ ಸೊಂಟದ ಬಿಗಿತ ಅಷ್ಟರಲ್ಲೇ ಸಡಿಲವಾಗುತ್ತದೆ. ಆಗದವರು ಮನೆಗೆ ಹೋಗಿ ಮಲಗಲಿ, ಅದರಲ್ಲೇನೂ ತಪ್ಪಿಲ್ಲ.

5. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ರಿಲೇ ತಂಡ ನಾಲ್ಕನೆಯದಾದಾಗ, ಆ ತಂಡದ ಈಜುಗಾರ್ತಿ ಫು ಯುವಾನ್‌ಹುಯಿ ಹಿಂದಿನ ದಿನವಷ್ಟೇ ಮುಟ್ಟಾಗಿ ಸುಸ್ತಾಗಿತ್ತೆಂದು ಟಿ.ವಿ. ಕ್ಯಾಮೆರಾ ಎದುರೇ ಹೇಳಿದಳು. ನನ್ನ ಹುಡುಗಿಯರಿಗೆ ಆ ವಿಡಿಯೊ ತೋರಿಸುತ್ತೇನೆ. ಕೋಚ್ ಗಂಡಸಾಗಿದ್ದರೂ ಅಷ್ಟೇ ಸಲೀಸಾಗಿ ಹೇಳುವ ಅಭ್ಯಾಸ ಅವರಿಗೆ ಬರಬೇಕು.

6. ಕೊಳ ನಡೆಸುವವರೇ, ಬಟ್ಟೆ ಬದಲಿಸುವ ಕೋಣೆಗೆ ಗಟ್ಟಿ ಚಿಲಕ, ಬ್ಯಾಗಿಗೊಂದು ಕೊಕ್ಕೆ, ಮುಚ್ಚಳವಿರುವ ಕಸದ ಡಬ್ಬಿ ಕೊಡಿ. ಇವಿಲ್ಲವೆಂದೇ ಎಷ್ಟೋ ಮಕ್ಕಳು ಈಜು ಬಿಟ್ಟಿದ್ದಾರೆ.

7. ಗಂಟೆಗೊಂದು ಪ್ಯಾಡ್ ತೋಯುವುದು, ಏಳು ದಿನ ದಾಟುವುದು, ತಲೆಸುತ್ತು – ಇವಿದ್ದರೆ ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಇನ್ನು ತರಬೇತಿ ಹೆಚ್ಚಾಗಿ, ಊಟ ಸಾಲದೆ ಮೂರು ತಿಂಗಳು ಮುಟ್ಟೇ ಬರದಿದ್ದರೆ ‘ಸದ್ಯ, ಆರಾಮಾಯಿತು’ ಅನ್ನಬೇಡಿ. ಹಾಗೇ ಮುಂದುವರಿದರೆ ಮೂಳೆ ಸವೆಯುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಮುಟ್ಟಿನ ತಾರೀಕು ಗುರುತು ಹಾಕಿದ ಕ್ಯಾಲೆಂಡರನ್ನೂ, ದಿನಕ್ಕೆ ಏನೇನು ತಿನ್ನುತ್ತೀರೆಂಬ ಪಟ್ಟಿಯನ್ನೂ ಒಯ್ಯಿರಿ.