‘ಗುಹಾಚಿತ್ರ’ ಎಂಬ ಪರಿಭಾಷೆ ಮತ್ತು ಬಾದಾಮಿ ಪರಿಸರದ ಬಂಡೆಚಿತ್ರಗಳು

ವಿಜಯಪುರ, ತಿಕೋಟಾ, ಬಬಲೇಶ್ವರಗಳದು ದಖನ್ನಿನ ಕಪ್ಪುಶಿಲೆಯ ಮೇಲೆ ಹರಡಿದ ಎರೆನೆಲ. ಮಳೆ ತಾಗದಂತೆ ಚಾಚಿಕೊಂಡ, ಚಿತ್ರ ಬರೆಯಲು ಒದಗುವ ಬಂಡೆಗಳು ಇಲ್ಲಿ ವಿರಳ. ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿ ಮಲಪ್ರಭೆಯತ್ತ ಸಾಗಿದರೆ ಮರಳುಗಲ್ಲಿನ ಬೆಟ್ಟಗಳು ಎದುರಾಗುತ್ತವೆ. 1997ರವರೆಗೆ ಈ ಎರಡೂ ಭೂಭಾಗಗಳು ಒಂದೇ ಜಿಲ್ಲೆಯಲ್ಲಿದ್ದವು. ಆದುದರಿಂದ ಅವಿಭಜಿತ ವಿಜಾಪುರ ಜಿಲ್ಲೆಯ ಪ್ರಾಗಿತಿಹಾಸದ ಚಿತ್ರಗಳನ್ನು ಕುರಿತ ಚರ್ಚೆಯು ಬಾದಾಮಿ ಸಮೀಪದ ಸಿಡಿಲಫಡಿ, ಅರೆಗುಡ್ಡ, ಹಿರೇಗುಡ್ಡಗಳಿಂದಲೇ ಆರಂಭವಾಗಬೇಕಾಗುತ್ತದೆ. ಈ ಪರಿಸರದ ಅಧ್ಯಯನದಲ್ಲಿ ಅ. ಸುಂದರ ಅವರ ಕ್ಷೇತ್ರಕಾರ್ಯವು ಗಮನಾರ್ಹವಾದುದು.

ನಮ್ಮ ಪಠ್ಯಗಳು ಇಂತಹ ಚಿತ್ರಗಳನ್ನು ಸಾಮಾನ್ಯವಾಗಿ ‘ಗುಹಾಚಿತ್ರ’ವೆಂದು ಕರೆಯುತ್ತವೆ. ಅನ್ಯ ಸಂದರ್ಭಗಳಲ್ಲಿ ಈ ಪದದಿಂದ ತೊಡಕಾಗಲಿಕ್ಕಿಲ್ಲ. ಬಾದಾಮಿಯ ಸಂದರ್ಭದಲ್ಲಿ ಮಾತ್ರ ಆಗುತ್ತದೆ. ಕ್ರಿ.ಶ. 578ರ ಮಂಗಲೇಶನ ಶಾಸನವುಳ್ಳ ಮೂರನೆಯ ಗುಹೆಯಲ್ಲಿಯೂ ವರ್ಣಚಿತ್ರಗಳ ಅವಶೇಷಗಳಿವೆ. ಅವು ಅರಸುಮನೆತನವೊಂದರ ಆಶ್ರಯದಲ್ಲಿ, ಕೊರೆದು ಸಿದ್ಧಪಡಿಸಿದ ಗುಡಿಯೊಳಗೆ ಮೂಡಿದವು. ಸಿಡಿಲಫಡಿಯದಾದರೋ ನಿಸರ್ಗವೇ ನಿರ್ಮಿಸಿದ ಕಲ್ಲಾಸರೆ. ಒಂದೇ ಹೆಸರು ಇವೆರಡರ ನಡುವಿನ ಸಾವಿರಾರು ವರ್ಷಗಳ ಅಂತರವನ್ನು ಅಳಿಸಿಬಿಡುತ್ತದೆ. ಹಾಗೆಂದು ‘ಫಡಿ’ ಎಂಬ ದೇಸಿ ಪದವನ್ನೇ ಪರಿಭಾಷೆಯಾಗಿ ಸ್ವೀಕರಿಸುವಂತಿಲ್ಲ. ಐಹೊಳೆಯ ರಾವಣಫಡಿ ಚಾಲುಕ್ಯರ ಕಾಲದ ಕೊರೆದ ಗುಡಿ. ಜನಬಳಕೆಯು ನಿಸರ್ಗದ ಆಸರೆಗೂ ಉಳಿಯ ಕೆಲಸಕ್ಕೂ ಭೇದವೆಣಿಸಿಲ್ಲ. (ಈ ಅಭೇದವೇ ಸ್ಥಳನಾಮ ಅಧ್ಯಯನಕ್ಕೆ ಒಳ್ಳೆಯ ವಿಷಯವಾಗಬಲ್ಲದು.) ಸದ್ಯಕ್ಕೆ ‘ಬಂಡೆಚಿತ್ರ’ವೇ ಹೆಚ್ಚು ನಿಖರವಾದ ಪದವೆಂದು ತೋರುತ್ತದೆ.

ಪರಿಭಾಷೆಗಿಂತ ದೊಡ್ಡ ತೊಡಕು ‘ಆದಿಮಾನವನು ಬಿಡಿಸಿದ ಚಿತ್ರ’ ಎಂಬ ಏಕವಚನದಲ್ಲಿದೆ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿ, 1960ರಲ್ಲಿ ವರದಿ ಪ್ರಕಟಿಸಿದ ಎಫ್. ಆರ್. ಆಲ್ಚಿನ್ ಅವರು ಅಲ್ಲಿನ ಬಂಡೆಗಳ ಮೇಲಿನ ಗೂಳಿಗಳನ್ನು ನವಶಿಲಾಯುಗದ ಪಶುಪಾಲಕರ ಬದುಕಿನೊಂದಿಗೆ ಇಟ್ಟು ನೋಡಿದರು. ಬಳ್ಳಾರಿ ಬಳಿಯ ಕುಪ್ಪಗಲ್ಲಿನಲ್ಲಿಯೂ ದನಗಳದೇ ಪ್ರಾಧಾನ್ಯ. ಆದರೆ ಅಲ್ಲಿ ಬಣ್ಣವಿಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ ರೂಪಗಳಿವೆ. ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನಾದಗೈಯುತ್ತವೆ. ಇನ್ನು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಶಿಲಾಸಮಾಧಿಗಳ ನೆರೆಯಲ್ಲಿಯೇ ಕುದುರೆ ಸವಾರರ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ದನ ಸಾಕಿದವರನ್ನೂ ಕುದುರೆಯನ್ನು ಬಲ್ಲವರನ್ನೂ ಒಂದೇ ‘ಬೇಟೆಗಾರ ಜನಾಂಗ’ವೆಂದು ಬಣ್ಣಿಸುವುದು ಸಾಹಿತ್ಯ ಚರಿತ್ರೆಯ ಪೀಠಿಕೆಗಳಿಗೆ ಅನುಕೂಲಕರವಾಗಿದೆ, ಅಷ್ಟೆ.

ಹಸ್ತಪ್ರತಿಯಲ್ಲಿ ಮೂಲಪಾಠವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸಿ ಓದುವ ಶಿಸ್ತು ನಮ್ಮ ವಿಭಾಗಗಳಿಗೆ ಹೊಸತಲ್ಲ. ಬಂಡೆಯ ಮೇಲೆಯೂ ಯಾವ ಗೆರೆಯು ಯಾವುದನ್ನು ಮುಚ್ಚಿದೆ, ಯಾವ ಬಣ್ಣ ಯಾವುದರ ಅಡಿಯಲ್ಲಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಆ ಬಳಿಕವೇ ಅದು ನೃತ್ಯವೋ ಬೇಟೆಯೋ ಆಚರಣೆಯೋ ಎಂಬ ಪ್ರಶ್ನೆಯನ್ನು ಎತ್ತಲು ಸಾಧ್ಯ.